ತೋಟಕ್ಕೆ ಡ್ರೋನ್: ಸರಕಾರದ ಸಿದ್ಧತೆ, ನಮ್ಮ ಸಿದ್ಧತೆ



ಕಳೆದ ಮಳೆಗಾಲದಲ್ಲಿ ಮರ ಹತ್ತುವವರು ಸಿಗದೆ ಎರಡನೆಯ ಸಲದ ಬೋರ್ಡೋ ತಪ್ಪಿಹೋಗಿ, ಕೊಳೆರೋಗಕ್ಕೆ ಅಡಿಕೆ ಕಳೆದುಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ನಾನೂ ಅವರಲ್ಲೊಬ್ಬ. ಜಾರುವ ಮರದ ಮೇಲೆ ಇನ್ನೊಬ್ಬರ ಜೀವವನ್ನು ಪಣಕ್ಕೊಡ್ಡುವುದು ಇನ್ನು ಸಾಕು ಎಂಬ ಮಾತೂ ನ್ಯಾಯವಾದದ್ದೇ. ಆದ್ದರಿಂದ “ಸಂಘದಿಂದ ಒಂದು ಡ್ರೋನ್ ತರಿಸಿ” ಎಂಬ ಒತ್ತಾಯ ಬಂದಿದೆ. ಮಹಾಸಭೆಯಲ್ಲಿ ಚರ್ಚೆಗೆ ಬರುವ ಮೊದಲು ಎಲ್ಲರಿಗೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಸರಕಾರ ಏನು ಮಾಡಿದೆ?

ಆಕಾಶದ ಕಾನೂನು ಬದಲಾಗುತ್ತಿದೆ. 1934ರ ವಿಮಾನ ಕಾಯಿದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಅದೇ ತಿಂಗಳು ಬೆಂಗಳೂರಿನ ಸರ್ಲಾ ಏವಿಯೇಷನ್ ಸಂಸ್ಥೆ ದೆಹಲಿಯಲ್ಲಿ ಏರ್ ಟ್ಯಾಕ್ಸಿಯ ಮಾದರಿಯನ್ನು ಪ್ರದರ್ಶಿಸಿತು. ಅದು ನಗರದವರ ಮಾತು. ನಮಗೆ ಸಂಬಂಧಪಟ್ಟದ್ದು 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು. ಅವುಗಳ ಮುಖ್ಯಾಂಶ ಹೀಗಿದೆ:

1. ಹೊರೆಯೂ ಸೇರಿ 2ರಿಂದ 25 ಕಿಲೋ ತೂಗುವುದು ‘ಸಣ್ಣ’ ಡ್ರೋನ್. ಔಷಧಿ ಹೊಡೆಯುವ 10 ಲೀಟರಿನ ಯಂತ್ರಗಳು ಹೆಚ್ಚಾಗಿ ಈ ವರ್ಗದವು. ಇದಕ್ಕೆ ನೋಂದಣಿ ಮತ್ತು ಗುರುತಿನ ಸಂಖ್ಯೆ ಬೇಕು. ಮೂರನೆಯವರಿಗೆ ಆಗುವ ಹಾನಿಗೆ ವಿಮೆಯೂ ಕಡ್ಡಾಯ.

2. ಹಾರಿಸುವವರು 18ರಿಂದ 65 ವರ್ಷದೊಳಗಿನವರಾಗಿ, ಹತ್ತನೆಯ ತರಗತಿ ಪಾಸಾಗಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು.

3. ನಕ್ಷೆಯಲ್ಲಿ ಹಸಿರು ವಲಯವಾದರೆ ನೆಲದಿಂದ 400 ಅಡಿವರೆಗೆ ಅಪ್ಪಣೆ ಬೇಡ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರ, ಕೆಂಪಿಗೆ ಕೇಂದ್ರ ಸರಕಾರದ ಅಪ್ಪಣೆ ಬೇಕು. ನೆನಪಿಡಿ: ಅತ್ತಿಗುಂಡಿಯಂಥ ಕಡೆ ದಿಣ್ಣೆಯಿಂದ ನೇರ ಮುಂದಕ್ಕೆ ಬಿಟ್ಟ ಡ್ರೋನ್ ನಾಲ್ಕು ಮಾರು ಹೋಗುವಷ್ಟರಲ್ಲಿ ಕೆಳಗಿನ ನೆಲ ಕಣಿವೆಗೆ ಇಳಿದಿರುತ್ತದೆ. ಮಿತಿ ಮೀರಿದ್ದು ತಿಳಿಯುವುದೂ ಇಲ್ಲ. ಭದ್ರಾ, ಕುದುರೆಮುಖ ಕಾಡಿನ ಅಂಚಿನವರು ಅರಣ್ಯ ಇಲಾಖೆಯನ್ನೂ ಕೇಳಿಕೊಳ್ಳುವುದು ಕ್ಷೇಮ.

ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನಿನಿಂದ ಔಷಧಿ ಹೊಡೆಯುವ ಕ್ರಮವನ್ನು ಪ್ರಕಟಿಸಿತು. 2022ರ ಜನವರಿಯಲ್ಲಿ ಸಾರಿದ ಸಹಾಯಧನದಂತೆ, ಯಂತ್ರ ಬಾಡಿಗೆಗೆ ಕೊಡುವ ರೈತ ಸಹಕಾರ ಸಂಘಗಳಿಗೆ ಬೆಲೆಯ ಶೇಕಡಾ 40, ಗರಿಷ್ಠ 4 ಲಕ್ಷ ರೂಪಾಯಿ. 2023ರ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಶೇಕಡಾ 80, ಗರಿಷ್ಠ 8 ಲಕ್ಷ.

ನಮ್ಮ ಮರಕ್ಕೆ ಹೊಂದುತ್ತದೆಯೇ?

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 530 ಅಡಿಕೆ ಮರ. ಮರಕ್ಕೆ ಅರ್ಧ ಲೀಟರ್ ಎಂದರೂ 265 ಲೀಟರ್ ಬೋರ್ಡೋ. ಡ್ರೋನ್ ಒಂದು ಸಲಕ್ಕೆ ಒಯ್ಯುವುದು 10 ಲೀಟರ್. ಅದನ್ನೇ ಎಕರೆಗೆ ಹಂಚಿದರೆ ಮರಕ್ಕೆ ನಾಲ್ಕು ಚಮಚೆಯೂ ಬರಲಿಲ್ಲ. ನೀರು ಕಡಿಮೆ ಮಾಡಿ ಗಟ್ಟಿ ಕಲಸೋಣವೆಂದರೆ ಸುಣ್ಣ ನಾಸಲಿಗೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯ ಮಾತು: ಗೊನೆ ಇರುವುದು ಸೋಗೆಯ ಕೆಳಗೆ, ಡ್ರೋನ್ ಹೊಡೆಯುವುದು ಮೇಲಿನಿಂದ. ಬೋರ್ಡೋ ಕಾಯಿಗೆ ಲೇಪವಾಗಿ ಕೂತರೆ ಮಾತ್ರ ಕೊಳೆ ತಡೆಯುತ್ತದೆ.

ಕಾಫಿಯದು ಇನ್ನೂ ಕಷ್ಟ. ಎಲೆತುಕ್ಕಿನ ಶಿಲೀಂಧ್ರ ಒಳಹೊಗುವುದು ಎಲೆಯ ಅಡಿಭಾಗದಿಂದ. ಬಿಳಿ ಕಾಂಡಕೊರಕಕ್ಕೆ ಔಷಧಿ ಬೇಕಾದದ್ದು ಕಾಂಡಕ್ಕೆ. ಮೇಲಿನಿಂದ ಬಿದ್ದದ್ದನ್ನು ಸಿಲ್ವರ್ ಓಕಿನ ನೆರಳೇ ಹಿಡಿದುಕೊಳ್ಳುತ್ತದೆ. ನೆರಳಿನ ದಟ್ಟಣೆ ನೋಡಲು, ಧರೆ ಕುಸಿದ ಜಾಗದ ಚಿತ್ರ ತೆಗೆದು ಪರಿಹಾರದ ಅರ್ಜಿಗೆ ಲಗತ್ತಿಸಲು ಡ್ರೋನ್ ಉಪಯೋಗಕ್ಕೆ ಬಂದೀತು.

ಮರೆಯಬಾರದ ಪಾಠ

ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2000ದ ಸುಮಾರಿಗೆ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ನಿಷೇಧಿಸಿತು. ಆದರೆ ಪಡ್ರೆ, ಎಣ್ಮಕಜೆಯ ಮನೆಗಳಲ್ಲಿ ಇಂದಿಗೂ ಸಂಕಟ ನಿಂತಿಲ್ಲ. ಆ ವಿಷ ಬೇರೆ, ಬೋರ್ಡೋ ಬೇರೆ, ನಿಜ. ಆದರೆ ಗುಡ್ಡದೂರಿನಲ್ಲಿ ಮೇಲಿನ ತೋಟಕ್ಕೆ ಹೊಡೆದದ್ದು ಕೆಳಗಿನವರ ಹಳ್ಳಕ್ಕೆ ಬರುತ್ತದೆ ಎಂಬ ಮಾತು ಎರಡಕ್ಕೂ ಒಂದೇ. ತಾಮ್ರ ಮೀನಿಗೆ ವಿಷ.

ನನ್ನ ಸಲಹೆ

ಒಂದು, ಈ ವರ್ಷ ಕೊಳ್ಳುವುದು ಬೇಡ. ಬಾಡಿಗೆಗೆ ತರಿಸಿ ಒಂದು ಎಕರೆ ಅಡಿಕೆಗೆ ಹೊಡೆಸೋಣ. ಪಕ್ಕದ ಎಕರೆಗೆ ಎಂದಿನಂತೆ ಹೊಡೆಸೋಣ. ಎರಡರಲ್ಲೂ ಉದುರಿದ ಕಾಯನ್ನು ವಾರವಾರ ಎಣಿಸಿ ಸೂಚನಾ ಫಲಕದಲ್ಲಿ ಬರೆಯೋಣ.

ಎರಡು, ಔಷಧಿ ಹೊಡೆಯುವ ಫೈಬರ್ ದೋಟಿಗಳನ್ನು ಸಂಘ ಮೊದಲು ಕೊಳ್ಳಲಿ. ನೆಲದಲ್ಲೇ ನಿಂತು ಗೊನೆಗೆ ನೇರ ಹೊಡೆಯಬಹುದು; ಯಾರೂ ಮರ ಹತ್ತಬೇಕಾಗಿಲ್ಲ.

ಮೂರು, ಸದಸ್ಯರ ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ತರಬೇತಿಗೆ ಕಳುಹಿಸೋಣ. ನಾಳೆ ಯಂತ್ರ ಸುಧಾರಿಸಿದಾಗ ಹಾರಿಸುವವರು ನಮ್ಮವರೇ ಇರಲಿ.

ನಾಲ್ಕು, ಹೊಡೆಸುವ ಹಿಂದಿನ ದಿನವೇ ನೆರೆಯವರಿಗೆ, ಜೇನುಪೆಟ್ಟಿಗೆ ಇಟ್ಟವರಿಗೆ ತಿಳಿಸಬೇಕು. ಗಾಳಿ ಎದ್ದರೆ ನಿಲ್ಲಿಸಬೇಕು. ಹಳ್ಳ, ಬಾವಿ, ಮನೆಗಳಿಂದ ದೂರವಿರಬೇಕು.

ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಉಳಿದ ಶೇಕಡಾ 60ರ ಸಾಲವನ್ನು ಸಂಘದ ತಲೆಗೆ ಕಟ್ಟುವುದು ಜಾಣತನವಲ್ಲ. ಎಣಿಸಿ ನೋಡಿ ಲಾಭ ಕಂಡರೆ, ಮುಂದಿನ ವರ್ಷ ಕೊಳ್ಳುವ ಠರಾವನ್ನು ನಾನೇ ಮಂಡಿಸುತ್ತೇನೆ. ಪ್ರಯೋಗಕ್ಕೆ ತೋಟ ಕೊಡುವವರು ಮಹಾಸಭೆಗೆ ಮೊದಲು ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

— ಕಾರ್ಯದರ್ಶಿ