ಕೋಡ್ ಒಂದೇ, ಫೋನ್ ನೂರೆಂಟು

ಒಂದು ಸಲ ಬರೆದರೆ ಸಾಕು, ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತದೆ ಎಂಬ ಆಸೆಯನ್ನು ವೆಬ್ ಡೆವಲಪರ್‌ಗಳಲ್ಲಿ ಹುಟ್ಟಿಸಿದ್ದು ಫೋನ್‌ಗ್ಯಾಪ್. 2008ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಡೆವಲಪರ್ ಕೂಟವೊಂದರಲ್ಲಿ ಮೊಳೆತ ಈ ಸಾಧನವನ್ನು ಬೆಳೆಸಿದ್ದು ಕೆನಡಾದ ನಿಟೋಬಿ ಕಂಪನಿ. 2011ರಲ್ಲಿ ಅಡೋಬಿ ನಿಟೋಬಿಯನ್ನು ಕೊಂಡಿತು. ಕೋಡ್ ಅಪಾಚೆ ಪ್ರತಿಷ್ಠಾನದ ಪಾಲಾಗಿ ಕಾರ್ಡೋವಾ ಎನಿಸಿಕೊಂಡಿತು. ಜಾವಾ, ಆಬ್ಜೆಕ್ಟಿವ್-ಸಿ ಎರಡನ್ನೂ ಕಲಿಯಲು ಪುರುಸೊತ್ತಿಲ್ಲದ ನಮ್ಮಂಥ ಸಣ್ಣ ತಂಡಗಳಿಗೆ ಅದು ವರವಾಗಿಯೇ ಬಂತು.

ಒಳಗಿನ ಹೂರಣ ಸರಳ. ಆ್ಯಪ್‌ನೊಳಗೆ ಅಡ್ರೆಸ್ ಬಾರ್ ಇಲ್ಲದ ಒಂದು ಬ್ರೌಸರ್ ಇರುತ್ತದೆ, ಅದೇ ವೆಬ್‌ವ್ಯೂ. ಪರದೆಯ ಮೇಲೆ ಕಾಣುವುದೆಲ್ಲ ಎಚ್‌ಟಿಎಂಎಲ್ ಪುಟಗಳು. ಕ್ಯಾಮೆರಾ, ಜಿಪಿಎಸ್ ಬೇಕಾದಾಗ ಪ್ಲಗಿನ್‌ಗಳು ನೆರವಿಗೆ ಬರುತ್ತವೆ.

ತೊಡಕು ಶುರುವಾಗುವುದೂ ಈ ವೆಬ್‌ವ್ಯೂನಲ್ಲೇ. ಆಂಡ್ರಾಯ್ಡ್ 5ರಿಂದ ಈಚೆಗೆ ಅದು ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತದೆ. ಅದಕ್ಕಿಂತ ಹಳೆಯ ಫೋನುಗಳಲ್ಲಿ ಕಂಪನಿ ಕೊಟ್ಟದ್ದೇ ಗತಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಅಚ್ಚುಕಟ್ಟಾಗಿ ಕಂಡ ಪುಟ ಅಲ್ಲಿ ಚೆಲ್ಲಾಪಿಲ್ಲಿ. ಕನ್ನಡದ ಆ್ಯಪ್ ಆದರಂತೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದು ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತಿತ್ತು. ಫಾಂಟನ್ನು ಆ್ಯಪ್ ಜೊತೆಗೇ ಕೊಟ್ಟರೂ ಸಾಲದು, ಅಕ್ಷರ ಜೋಡಿಸುವ ಕೆಲಸ ವೆಬ್‌ವ್ಯೂ ಒಳಗಿನ ಎಂಜಿನ್ನಿನದು. ಇಂಟೆಲ್‌ನ ಕ್ರಾಸ್‌ವಾಕ್ ಇಡೀ ಕ್ರೋಮಿಯಂ ಎಂಜಿನ್ನನ್ನೇ ಆ್ಯಪ್‌ನೊಳಗೆ ತುಂಬಿಕೊಡುತ್ತಿತ್ತು. ಅಕ್ಷರ ಸರಿಹೋಯಿತು, ಆ್ಯಪ್ ಮಾತ್ರ ಊದಿಕೊಂಡಿತು. 2017ರಲ್ಲಿ ಆ ಯೋಜನೆಯೂ ನಿಂತಿತು.

ಇನ್ನೊಂದು ಪಾಠ ಕಲಿಸಿದ್ದು ನೆಟ್‌ವರ್ಕ್ ಸಿಗದ ಊರುಗಳಲ್ಲಿ ಸಮೀಕ್ಷೆಯ ಫಾರಂ ತುಂಬುವ ಆ್ಯಪ್. ತುಂಬಿದ್ದನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡುವುದು ಸುಲಭ. ಆದರೆ ಫೋನಿನಲ್ಲಿ ಜಾಗ ಕಡಿಮೆಯಾದರೆ ಆಪರೇಟಿಂಗ್ ಸಿಸ್ಟಮ್ ಅದನ್ನು ಕೇಳದೆಯೇ ಅಳಿಸಬಹುದು. ಕಳೆದುಕೊಳ್ಳಬಾರದ ಮಾಹಿತಿಯನ್ನು ಪ್ಲಗಿನ್ ಮೂಲಕ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಬರೆಯಬೇಕು. ಸರ್ವರ್ ತಲುಪಿದ ಖಾತ್ರಿಯಾದ ಮೇಲಷ್ಟೇ ಅಲ್ಲಿಂದ ತೆಗೆಯಬೇಕು.

ಹಾಗಾದರೆ ಇದೆಲ್ಲ ಬೇಕೇ? 2012ರಲ್ಲಿ ಮಾರ್ಕ್ ಜುಕರ್‌ಬರ್ಗ್, ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನೆಚ್ಚಿಕೊಂಡದ್ದೇ ತಮ್ಮ ಕಂಪನಿಯ ದೊಡ್ಡ ತಪ್ಪು ಎಂದಾಗ ಈ ದಾರಿಯ ಕಥೆ ಮುಗಿಯಿತು ಎಂದವರು ಬಹಳ. ಫೇಸ್‌ಬುಕ್ ಅಷ್ಟರಲ್ಲಾಗಲೇ ಐಫೋನ್ ಆ್ಯಪನ್ನು ಹೊಸದಾಗಿ ನೇಟಿವ್ ಕೋಡ್‌ನಲ್ಲಿ, ಅಂದರೆ ಆ ಫೋನಿನದೇ ಭಾಷೆಯಲ್ಲಿ, ಬರೆದಿತ್ತು. ಆದರೆ ಮುಗಿಯದ ಚಿತ್ರಗಳ ಸಾಲು ಉರುಳಿಸುವ ಆ್ಯಪ್‌ನ ಭಾರ ಬೇರೆ, ಫಾರಂ ತುಂಬುವ ಆ್ಯಪ್‌ನದು ಬೇರೆ. ವೆಬ್‌ಗೆ ಬೆನ್ನು ತಿರುಗಿಸಿದವರು ಮರಳಿದ್ದೂ ಉಂಟು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ಮೊಬೈಲ್ ವೆಬ್‌ಸೈಟ್ ಮುಚ್ಚಿ ಗಿರಾಕಿಗಳನ್ನು ಆ್ಯಪ್‌ಗೆ ಕಳಿಸಿತು. ಅದೇ ವರ್ಷದ ಕೊನೆಗೆ ‘ಫ್ಲಿಪ್‌ಕಾರ್ಟ್ ಲೈಟ್’ ಹೆಸರಿನಲ್ಲಿ ಬ್ರೌಸರಿಗೇ ಮರಳಿತು, ಈ ಸಲ ಆ್ಯಪ್‌ನಂತೆ ನಡೆದುಕೊಳ್ಳುವ ವೆಬ್‌ಸೈಟ್‌ನೊಂದಿಗೆ.

ಸಾಧನಗಳು ಬದಲಾಗುತ್ತಲೇ ಇರುತ್ತವೆ. ಅಡೋಬಿ 2020ರಲ್ಲಿ ಫೋನ್‌ಗ್ಯಾಪ್‌ನಿಂದ ಕೈತೊಳೆದುಕೊಂಡಿತು. ಈಗ ಅಯಾನಿಕ್ ತಂಡದ ಕೆಪಾಸಿಟರ್ ಆ ಜಾಗದಲ್ಲಿದೆ. ಪಟ್ಟಿ, ಫಾರಂ, ಸುದ್ದಿ, ಬುಕಿಂಗ್‌ಗಳಿಗೆ ವೆಬ್ ತಂತ್ರಜ್ಞಾನ ಧಾರಾಳ ಸಾಕು. ಆಟ, ವಿಡಿಯೋ ಎಡಿಟಿಂಗ್‌ಗಳಿಗೆ ನೇಟಿವ್ ದಾರಿಯೇ ಸರಿ. ವೆಬ್ ದಾರಿ ಹಿಡಿದರೆ ಕೋಡ್ ಬರೆಯುವ ಖರ್ಚು ಅರ್ಧಕ್ಕಿಳಿದೀತು, ಪರೀಕ್ಷೆಯ ಖರ್ಚು ಇಳಿಯುವುದಿಲ್ಲ. ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಒಂದು ಅಗ್ಗದ, ಹಳೆಯ ಆಂಡ್ರಾಯ್ಡ್ ಫೋನ್ ಕೊಂಡಿಟ್ಟುಕೊಳ್ಳಲಿ; ಪ್ರತಿ ಬಿಲ್ಡ್ ಅನ್ನೂ ಮೊದಲು ಅದರಲ್ಲೇ ಓಡಿಸಿ ನೋಡಲಿ.