ಕಂಪ್ಯೂಟರ್ ಯಾಕೆ ಆಫ್ ಆಯ್ತು?

ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಈಗ ಕಂಪ್ಯೂಟರ್ ಇದೆ. ಮಕ್ಕಳು ಅದರಲ್ಲಿ ಪಾಠ ಓದುತ್ತಾರೆ. ನಾವು ಅದರಲ್ಲಿ ಸಂಘದ ಲೆಕ್ಕ ಬರೆಯುತ್ತೇವೆ. ಯಾರು ಎಷ್ಟು ಉಳಿತಾಯ ಕಟ್ಟಿದರು? ಯಾರ ಸಾಲ ಎಷ್ಟು ಬಾಕಿ ಇದೆ? ಎಲ್ಲವೂ ಅದರೊಳಗೆ ಇರುತ್ತದೆ.

ಲೆಕ್ಕ ಬರೆಯುತ್ತಾ ಕೂತಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾದರೆ ಎದೆ ಧಸಕ್ಕೆನ್ನುತ್ತದೆ. "ಅಯ್ಯೋ, ಕೆಟ್ಟೇ ಹೋಯ್ತು" ಅಂತೀವಿ. ಆಟೋ ಮಾಡಿಕೊಂಡು ಪೇಟೆಗೆ ಒಯ್ಯುತ್ತೇವೆ. ಅಂಗಡಿಯವರು ಕೇಳಿದಷ್ಟು ದುಡ್ಡು ಕೊಡುತ್ತೇವೆ. ಕೆಲವು ಸಲ ಆಗಿರುವುದು ಇಷ್ಟೇ: ಒಂದು ವೈರು ಸಡಿಲ ಆಗಿರುತ್ತದೆ.

ಮಗುವಿಗೆ ಜ್ವರ ಬಂದರೆ ನಾವು ಏನು ಮಾಡುತ್ತೇವೆ? ಹಣೆ ಮುಟ್ಟಿ ನೋಡುತ್ತೇವೆ. ಯಾವಾಗ ಬಂತು, ಏನು ತಿಂದಿತ್ತು ಅಂತ ನೆನಪು ಮಾಡಿಕೊಳ್ಳುತ್ತೇವೆ. ಆಮೇಲೆ ಡಾಕ್ಟರ ಹತ್ತಿರ ಹೋಗುತ್ತೇವೆ. ಕಂಪ್ಯೂಟರಿಗೂ ಹಾಗೇ ಮಾಡೋಣ. ಮೊದಲು ನೋಡೋಣ. ನೋಡಿದ್ದನ್ನು ಬರೆದಿಡೋಣ. ಆಮೇಲೆ ದುಡ್ಡು ಖರ್ಚು ಮಾಡೋಣ.

1. ಆಫ್ ಆಗಿದ್ದು ಯಾವುದು?

ಮನೆಯ ಕಂಪ್ಯೂಟರಿಗೆ ಮೂರು ಮುಖ್ಯ ಭಾಗಗಳು. ಚಿತ್ರ ತೋರಿಸುವ ಪರದೆ ಒಂದು. ಇದನ್ನು ಮಾನಿಟರ್ ಅಂತಾರೆ. ಕೆಲಸ ಮಾಡುವ ಪೆಟ್ಟಿಗೆ ಇನ್ನೊಂದು. ಇದನ್ನು ನಾವು ಸಿಪಿಯು ಅಂತ ಕರೆಯುತ್ತೇವೆ. ಕರೆಂಟು ಹೋದಾಗ ಸ್ವಲ್ಪ ಹೊತ್ತು ಕೈ ಹಿಡಿಯುವ ಯುಪಿಎಸ್ ಮೂರನೆಯದು.

ಪರದೆ ಕಪ್ಪಾದ ತಕ್ಷಣ ಸ್ವಿಚ್ಚಿಗೆ ಕೈ ಹಾಕಬಾರದು. ಮೊದಲು ಪೆಟ್ಟಿಗೆ ಕಡೆ ನೋಡೋಣ. ಅದರ ದೀಪ ಉರೀತಾ ಇದೆಯಾ? ಕಿವಿಗೊಟ್ಟು ಕೇಳೋಣ. ಒಳಗೆ ಫ್ಯಾನಿನ ಸದ್ದು ಇದೆಯಾ?

ಎರಡೂ ಇದ್ದರೆ, ಪೆಟ್ಟಿಗೆ ಇನ್ನೂ ನಡೀತಾ ಇದೆ. ಕಣ್ಣು ಮಾತ್ರ ಮುಚ್ಚಿದೆ. ದೀಪವೂ ಇಲ್ಲ, ಸದ್ದೂ ಇಲ್ಲ ಅಂದರೆ ಇಡೀ ಕಂಪ್ಯೂಟರೇ ನಿಂತಿದೆ. ಇವು ಎರಡು ಬೇರೆ ಬೇರೆ ಕಾಯಿಲೆ. ಎರಡಕ್ಕೂ ಮದ್ದು ಬೇರೆ.

2. ಪರದೆ ಮಾತ್ರ ಕಪ್ಪಾಗಿದ್ದರೆ

ಮೊದಲು ಮೌಸನ್ನು ಅಲ್ಲಾಡಿಸೋಣ. ಯಾವುದಾದರೂ ಒಂದು ಕೀ ಒತ್ತೋಣ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ತಾನೇ ಪರದೆ ಆರಿಸಿಕೊಳ್ಳುತ್ತದೆ. ಕರೆಂಟು ಉಳಿಸಲು ಹಾಗೆ ಮಾಡಿರುತ್ತಾರೆ. ಅದು ಕೆಟ್ಟಿಲ್ಲ, ನಿದ್ದೆ ಮಾಡಿದೆ ಅಷ್ಟೆ.

ಆದರೂ ಬರಲಿಲ್ಲವೇ? ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡು ಎಸ್ ಕೀ ಒತ್ತೋಣ. ಲೆಕ್ಕದ ಕಡತಕ್ಕೆ ಮೊದಲೇ ಹೆಸರು ಕೊಟ್ಟಿದ್ದರೆ, ಪರದೆ ಕಾಣದಿದ್ದರೂ ಬಹಳ ಸಲ ಲೆಕ್ಕ ಉಳಿಯುತ್ತದೆ.

ಈಗ ಪರದೆಯ ಹಿಂದೆ ನೋಡೋಣ. ಸಾಮಾನ್ಯವಾಗಿ ಎರಡು ವೈರುಗಳು ಇರುತ್ತವೆ. ಒಂದು ಕರೆಂಟು ತರುವ ವೈರು. ಇನ್ನೊಂದು ಪೆಟ್ಟಿಗೆಯಿಂದ ಚಿತ್ರ ತರುವ ವೈರು. ಗುಡಿಸುವಾಗ ತಗುಲಿ, ಇಲಿ ಕಡಿದು, ಮಕ್ಕಳು ಎಳೆದು ಇವು ಸಡಿಲ ಆಗುತ್ತವೆ. ಪರದೆಯ ಸ್ವಿಚ್ ಆರಿಸಿ, ಎರಡನ್ನೂ ಗಟ್ಟಿಯಾಗಿ ಒತ್ತಿ ಕೂರಿಸೋಣ. ಇಲಿ ಕಡಿದ ವೈರು ಕಂಡರೆ ಮಾತ್ರ ಮುಟ್ಟಬಾರದು. ಗೋಡೆಯ ಸ್ವಿಚ್ ಆರಿಸಿ, ಹೊಸ ವೈರು ತರೋಣ.

ಪರದೆಯ ಮೇಲೆ "ನೋ ಸಿಗ್ನಲ್" ಅಂತ ಬಂದರೆ ಏನರ್ಥ? ಪರದೆ ಎಚ್ಚರವಾಗಿದೆ, ಆದರೆ ಪೆಟ್ಟಿಗೆಯಿಂದ ಚಿತ್ರ ಬರ್ತಾ ಇಲ್ಲ ಅಂತ ಅರ್ಥ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಕೋಣೆ ಕತ್ತಲೆ ಮಾಡಿ, ಟಾರ್ಚಿನ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಡೋಣ. ಮಸುಕು ಮಸುಕಾಗಿ ಚಿತ್ರ ಕಂಡರೆ, ಪರದೆಯ ಒಳಗಿನ ಬೆಳಕು ಹೋಗಿದೆ. ಆಗ ರಿಪೇರಿ ಆಗಬೇಕಾದ್ದು ಪರದೆಗೆ. ಪೆಟ್ಟಿಗೆ ಹೊರುವ ಕೆಲಸ ಇಲ್ಲ.

3. ಇಡೀ ಕಂಪ್ಯೂಟರ್ ನಿಂತರೆ

ಮೊದಲ ಪ್ರಶ್ನೆ: ಕರೆಂಟು ಇದೆಯಾ? ಮನೆಯ ಬಲ್ಬು ನೋಡೋಣ. ಬಲ್ಬು ಉರಿಯುತ್ತಿದ್ದರೆ, ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡೋಣ. ಚಾರ್ಜ್ ಆಗದಿದ್ದರೆ ತಪ್ಪು ಪ್ಲಗ್ಗಿನದು.

ಎರಡನೇ ಪ್ರಶ್ನೆ: ವೋಲ್ಟೇಜ್ ಸರಿಯಾಗಿದೆಯಾ? ನಮ್ಮ ಮನೆಗಳಿಗೆ ಬರಬೇಕಾದ್ದು 230 ವೋಲ್ಟ್. ಅದು ಬಹಳ ಇಳಿದರೆ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನ ಆಗುತ್ತದೆ, ಕಂಪ್ಯೂಟರ್ ನಿಂತುಬಿಡುತ್ತದೆ. ಮಿಕ್ಸಿ ಹಾಕಿದಾಗಲೇ ನಿಲ್ಲುತ್ತದೆಯೇ? ಸಾಯಂಕಾಲ ಮಾತ್ರವೇ? ಪಕ್ಕದ ಮನೆಯಲ್ಲೂ ಬಲ್ಬು ಮಂಕೇ? ಹಾಗಿದ್ದರೆ ಕಂಪ್ಯೂಟರ್ ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ. ತೊಂದರೆ ಲೈನಿನಲ್ಲಿ ಇದೆ. 1912 ನಂಬರಿಗೆ ಫೋನ್ ಮಾಡಿ ದೂರು ಕೊಡೋಣ. ದೂರಿನ ನಂಬರ್ ಕೇಳಿ ಬರೆದುಕೊಳ್ಳೋಣ.

ಮೂರನೇ ಪ್ರಶ್ನೆ: ಯುಪಿಎಸ್ ಸರಿಯಾಗಿದೆಯಾ? ಕರೆಂಟು ಹೋದ ಕ್ಷಣದಲ್ಲೇ ಕಂಪ್ಯೂಟರ್ ನಿಂತರೆ ಯುಪಿಎಸ್ ಕೈ ಕೊಟ್ಟಿದೆ ಅಂತ ಅರ್ಥ. ಇದನ್ನು ನಾವೇ ಪರೀಕ್ಷೆ ಮಾಡಬಹುದು. ಕಂಪ್ಯೂಟರನ್ನು ಪೂರ್ತಿ ಮುಚ್ಚೋಣ. ಯುಪಿಎಸ್‌ಗೆ ಒಂದು ಟೇಬಲ್ ದೀಪ ಸಿಕ್ಕಿಸೋಣ. ಗೋಡೆಯ ಸ್ವಿಚ್ ಆರಿಸೋಣ. ದೀಪ ತಕ್ಷಣ ಆರಿದರೆ ಬ್ಯಾಟರಿ ಸತ್ತಿರುವ ಸಂಭವ ಹೆಚ್ಚು. ದೀಪ ಉರಿದರೂ ಬ್ಯಾಟರಿ ಗಟ್ಟಿಯಾಗಿದೆ ಅಂತ ಹೇಳಲಾಗದು. ದೀಪದ ಭಾರ ಕಡಿಮೆ, ಕಂಪ್ಯೂಟರಿನ ಭಾರ ಹೆಚ್ಚು.

ಇಂಥ ಬ್ಯಾಟರಿ ಸಾಮಾನ್ಯವಾಗಿ 2ರಿಂದ 4 ವರ್ಷ ಬರುತ್ತದೆ. ಆಮೇಲೆ ಬ್ಯಾಟರಿ ಮಾತ್ರ ಬದಲಿಸಬಹುದು. ಎಲ್ಲ ಸಲವೂ ಹೊಸ ಯುಪಿಎಸ್ ಬೇಕಾಗುವುದಿಲ್ಲ. ಹಳೇ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇರುತ್ತದೆ. ಅದನ್ನು ತಿಪ್ಪೆಗೆ ಎಸೆಯಬಾರದು. ಅಂಗಡಿಗೇ ವಾಪಸ್ ಕೊಡೋಣ. ಯುಪಿಎಸ್‌ಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಸಿಕ್ಕಿಸಬಾರದು. ಅಷ್ಟು ಭಾರ ಅದು ಹೊರಲಾರದು.

4. ಬಿಸಿಯಾಗಿ ನಿಂತರೆ

ಕರೆಂಟು ಸರಿಯಾಗಿದೆ. ಯುಪಿಎಸ್ ಸರಿಯಾಗಿದೆ. ಆದರೂ ಅರ್ಧ ಗಂಟೆ ನಡೆದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುತ್ತದೆ. ಇದು ಬಿಸಿಯ ಲಕ್ಷಣ.

ಪೆಟ್ಟಿಗೆಯ ಒಳಗೆ ಪ್ರೊಸೆಸರ್ ಅಂತ ಒಂದು ಭಾಗ ಇದೆ. ಲೆಕ್ಕ ಮಾಡುವುದು ಅದೇ. ಕೆಲಸ ಮಾಡ್ತಾ ಮಾಡ್ತಾ ಅದು ಬಿಸಿಯಾಗುತ್ತದೆ. ಫ್ಯಾನು ಅದಕ್ಕೆ ಗಾಳಿ ಹಾಕುತ್ತದೆ. ಫ್ಯಾನಿಗೆ ಧೂಳು ಕಟ್ಟಿದರೆ ಗಾಳಿ ಸಾಲದು. ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಕಂಪ್ಯೂಟರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅಂದರೆ ನೀರು ಕುದಿಯುವಷ್ಟು ಬಿಸಿ! ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ ಇದು. ಸುಟ್ಟು ಹೋಗಬಾರದು ಅಂತ ಮಾಡಿದ ಏರ್ಪಾಡು.

ನಮ್ಮ ಮನೆಗಳಲ್ಲಿ ಒಲೆಯ ಹೊಗೆ ಇದೆ, ಹಿಟ್ಟಿನ ಧೂಳಿದೆ, ಹೊಲಿಗೆಯ ನೂಲಿನ ಎಳೆ ಇದೆ. ಎಲ್ಲವೂ ಫ್ಯಾನಿಗೆ ಹೋಗಿ ಕೂರುತ್ತವೆ. ಹಾಗಾಗಿ ಪೆಟ್ಟಿಗೆಯನ್ನು ಅಡುಗೆಮನೆಯಿಂದ ದೂರ ಇಡೋಣ. ಗೋಡೆಗೆ ಒತ್ತಿ ಇಡದೆ ಒಂದು ಗೇಣು ಜಾಗ ಬಿಡೋಣ. ಚೆಂದದ ಕಸೂತಿ ಬಟ್ಟೆ ಹೊದಿಸುವ ಆಸೆ ಇದ್ದರೆ, ಆರಿಸಿ ತಣ್ಣಗಾದ ಮೇಲೆ ಹೊದಿಸೋಣ. ಲ್ಯಾಪ್‌ಟಾಪ್ ಇದ್ದರೆ ಹಾಸಿಗೆಯ ಮೇಲೆ ಇಟ್ಟು ಕೆಲಸ ಮಾಡಬಾರದು. ಹಾಸಿಗೆ ಅದರ ಉಸಿರಾಟದ ಕಿಂಡಿಯನ್ನು ಮುಚ್ಚುತ್ತದೆ.

ಧೂಳು ತೆಗೆಯುವುದು ಹೀಗೆ: ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಡೋಣ. ಮೆದುವಾದ ಒಣ ಬ್ರಷ್‌ನಿಂದ ಹೊರಗಿನ ಕಿಂಡಿಗಳ ಧೂಳು ತೆಗೆಯೋಣ. ಒದ್ದೆ ಬಟ್ಟೆ ಬೇಡ. ಒಳಗಿನ ಧೂಳನ್ನು ಗೊತ್ತಿದ್ದವರಿಂದ ತೆಗೆಸೋಣ.

5. ಇಲ್ಲಿ ಕೈ ಹಾಕಬಾರದು

ಪೆಟ್ಟಿಗೆಯ ಒಳಗೆ, ಕರೆಂಟಿನ ವೈರು ಬಂದು ಸೇರುವ ಕಡೆ, ಒಂದು ತಗಡಿನ ಡಬ್ಬಿ ಇರುತ್ತದೆ. ಅದಕ್ಕೆ ಎಸ್‌ಎಂಪಿಎಸ್ ಅಂತಾರೆ. ಇದು 230 ವೋಲ್ಟ್ ಕರೆಂಟನ್ನು 12 ವೋಲ್ಟ್, 5 ವೋಲ್ಟ್ ಹೀಗೆ ಇಳಿಸಿ ಕೊಡುತ್ತದೆ. ಇದು ಕೆಟ್ಟರೂ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆದರೆ ಈ ಡಬ್ಬಿಯನ್ನು ನಾವು ಯಾವತ್ತೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು. ಜೀವಕ್ಕೆ ಅಪಾಯ.

ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳೋಣ. ಮತ್ತೆ ಹಾಕಿ ನೋಡುವುದು ಬೇಡ. ಪೆಟ್ಟಿಗೆ ಮುಟ್ಟಿದಾಗ ಜುಂ ಅಂದರೂ ಅಷ್ಟೆ. ಅರ್ಥಿಂಗ್ ಸರಿ ಇಲ್ಲ ಅಂತ ತಿಳಿದು ಎಲೆಕ್ಟ್ರಿಷಿಯನ್‌ನನ್ನು ಕರೆಸೋಣ. ಪ್ಲಗ್ಗಿನ ದಪ್ಪ, ಉದ್ದ ಕಡ್ಡಿಯೇ ಅರ್ಥಿನ ಕಡ್ಡಿ. ಅದನ್ನು ಮುರಿಯಬಾರದು. ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡೋಣ.

6. ಬರೆದಿಡೋಣ

ನಾವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರಿನ ಪಕ್ಕ ಒಂದು ನೋಟುಬುಕ್ಕು ಇಡೋಣ. ನಿಂತಾಗಲೆಲ್ಲಾ ಬರೆಯೋಣ. ಮಾದರಿ ನೋಡಿ:

ಸೋಮವಾರ, ಮಧ್ಯಾಹ್ನ 2 ಗಂಟೆ. ಕರೆಂಟು ಇತ್ತು. 40 ನಿಮಿಷ ನಡೆದು ನಿಂತಿತು. ಪೆಟ್ಟಿಗೆ ಬಿಸಿ.

ಬುಧವಾರ, ಬೆಳಿಗ್ಗೆ 7 ಗಂಟೆ. 1 ಗಂಟೆ ನಡೆಯಿತು. ನಿಲ್ಲಲಿಲ್ಲ.

ಗುರುವಾರ, ಮಧ್ಯಾಹ್ನ 3 ಗಂಟೆ. ಕರೆಂಟು ಇತ್ತು. 35 ನಿಮಿಷ ನಡೆದು ನಿಂತಿತು. ಪೆಟ್ಟಿಗೆ ಬಿಸಿ.

ಈ ಮೂರು ಸಾಲು ಓದಿದರೆ ನಮಗೇ ಗೊತ್ತಾಗುತ್ತದೆ. ತಂಪು ಹೊತ್ತಿನಲ್ಲಿ ನಡೆಯುತ್ತದೆ, ಬಿಸಿಲ ಹೊತ್ತಿನಲ್ಲಿ ನಿಲ್ಲುತ್ತದೆ. ಮೊದಲು ನೋಡಬೇಕಾದ್ದು ಧೂಳು ಮತ್ತು ಫ್ಯಾನು.

ನಿಲ್ಲುವ ಮೊದಲು ಪರದೆ ನೀಲಿಯಾಗಿ ಇಂಗ್ಲಿಷ್ ಅಕ್ಷರ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆಯೋಣ. ರಿಪೇರಿ ಮಾಡುವವರಿಗೆ ಅದು ದೊಡ್ಡ ಸುಳಿವು.

7. ಅಂಗಡಿಯಲ್ಲಿ ಕೇಳೋಣ

"ಅಣ್ಣಾ, ಯಾವ ಭಾಗ ಕೆಟ್ಟಿದೆ? ತೋರಿಸಿ."

"ಎಸ್‌ಎಂಪಿಎಸ್ ಹೋಗಿದೆ ಅಕ್ಕಾ."

"ಬೆಲೆ ಎಷ್ಟು? ಬಿಲ್ಲಿನಲ್ಲಿ ಬರೆದು ಕೊಡಿ. ಎಷ್ಟು ತಿಂಗಳ ಗ್ಯಾರಂಟಿ? ಹಳೇ ಭಾಗ ನಮಗೆ ಕೊಡಿ."

ಹೀಗೆ ಕೇಳಲು ನಾಚಿಕೆ ಬೇಡ. ದುಡ್ಡು ನಮ್ಮದು. "ವಿಂಡೋಸ್ ಹೊಸದಾಗಿ ಹಾಕ್ತೀನಿ" ಅಂದರೆ ತಕ್ಷಣ ಹೂಂ ಅನ್ನಬಾರದು. ಹಾಗೆ ಹಾಕುವಾಗ ಒಳಗಿನ ಲೆಕ್ಕ ಅಳಿಸಿ ಹೋಗಬಹುದು. "ಮೊದಲು ನಮ್ಮ ಲೆಕ್ಕ ಪೆನ್‌ಡ್ರೈವಿಗೆ ಹಾಕಿ ಕೊಡಿ" ಅಂತ ಹೇಳೋಣ.

ಕೆಡುವ ತನಕ ಕಾಯುವುದೂ ಬೇಡ. ಪ್ರತಿ ಸಭೆಯ ಲೆಕ್ಕ ಬರೆದ ಮೇಲೆ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ, ಅದನ್ನು ಬೇರೆ ಮನೆಯಲ್ಲಿ ಇಡೋಣ. ಪೆನ್ನಿನಲ್ಲಿ ಬರೆದ ಸಂಘದ ಪುಸ್ತಕವೂ ಇರಲಿ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತರಬಹುದು. ಹತ್ತಿಪ್ಪತ್ತು ಮಂದಿಯ ಉಳಿತಾಯದ ಲೆಕ್ಕ ಕಳೆದರೆ ನಮ್ಮ ನಡುವಿನ ನಂಬಿಕೆ ಕೆಡುತ್ತದೆ.

ಅಭ್ಯಾಸ

1. ಪರದೆ ಕಪ್ಪಾದಾಗ ಮೊದಲು ಏನು ನೋಡಬೇಕು? ಏನು ಕೇಳಿಸಿಕೊಳ್ಳಬೇಕು?
2. ಕರೆಂಟು ಹೋದ ಕ್ಷಣದಲ್ಲೇ ಕಂಪ್ಯೂಟರ್ ನಿಂತರೆ ಯಾವುದು ಕೆಟ್ಟಿರಬಹುದು?
3. ಯಾವ ಡಬ್ಬಿಯನ್ನು ಬಿಚ್ಚಬಾರದು? ಯಾಕೆ?
4. ಬಿಟ್ಟ ಜಾಗ ತುಂಬಿ: ನಮ್ಮ ಮನೆಗಳಿಗೆ ಬರಬೇಕಾದ್ದು ______ ವೋಲ್ಟ್. ಕರೆಂಟಿನ ದೂರಿಗೆ ಫೋನ್ ನಂಬರ್ ______.
5. ಮಾತಾಡೋಣ: ನಮ್ಮ ಸಂಘದ ಲೆಕ್ಕದ ಎರಡನೇ ಪ್ರತಿ ಈಗ ಎಲ್ಲಿದೆ? ಯಾರ ಹತ್ತಿರ ಇದೆ?