ಧ್ರುವದ ಹಿಮಕ್ಕೆ ಸುರಪುರದ ಮಳೆ ಗೊತ್ತೇ?

ಪ್ರಶ್ನೆ: ಅಂಟಾರ್ಕ್ಟಿಕಾದ ಹಿಮ ಕೊರೆದು ಲಕ್ಷಾಂತರ ವರ್ಷಗಳ ಹವಾಮಾನ ತಿಳಿಯುತ್ತಾರೆಂದು ಓದಿದೆ. ಹಿಮವನ್ನೇ ಕಾಣದ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹಳೆಯ ಮಳೆ-ಬರಗಳ ಬಗ್ಗೆ ಆ ಹಿಮ ಏನಾದರೂ ಹೇಳೀತೇ?
– ಓದುಗರೊಬ್ಬರು, ಶಹಾಪುರ

ಉತ್ತರ: ಹೇಳುತ್ತದೆ, ಆದರೆ ಅರ್ಧ ಮಾತ್ರ. ಇನ್ನರ್ಧವನ್ನು ನಿಮ್ಮ ನೆಲದಲ್ಲೇ ಹುಡುಕಬೇಕು.

ಅಂಟಾರ್ಕ್ಟಿಕಾದ ಒಳನಾಡಿನ ಡೋಮ್ ಸಿ ಎಂಬಲ್ಲಿ ಇಡೀ ವರ್ಷ ಬಿದ್ದ ಹಿಮವನ್ನು ಕರಗಿಸಿದರೆ ಸಿಗುವುದು ಸುಮಾರು 3 ಸೆಂಟಿಮೀಟರ್ ನೀರು. ಸುರಪುರದಲ್ಲಿ ಮುಂಗಾರಿನ ಒಂದೇ ದೊಡ್ಡ ಮಳೆಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಷ್ಟು ಕಡಿಮೆ ಬೀಳುವುದರಿಂದಲೇ ಅಲ್ಲಿನ ಮೂರು ಕಿಲೋಮೀಟರ್ ಹಿಮದೊಳಗೆ 8 ಲಕ್ಷ ವರ್ಷಗಳು ಹಿಡಿಸಿವೆ. ಈ ಹಿಮವನ್ನು ಕೊರೆಯುವ ಬಗೆ ಬೇರೆ. ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿಮಾಡಿ ಹೊರಗೆ ಊದುತ್ತದೆ. ಇಲ್ಲಿ ಹಾಗಲ್ಲ, ಯಂತ್ರದ ಅಲಗು ಬಳೆಯಂತೆ ಸುತ್ತ ಕೊಯ್ದು, ನಡುವಿನ ಹಿಮವನ್ನು ಸುಮಾರು ಹತ್ತು ಸೆಂಟಿಮೀಟರ್ ದಪ್ಪದ ಕಂಬವಾಗಿ ಇಡಿಯಾಗಿ ಎತ್ತುತ್ತದೆ. ಇದೇ ಐಸ್ ಕೋರ್. ಯುರೋಪಿನ ಎಪಿಕಾ ತಂಡ 2004ರ ಕೊನೆಗೆ ಡೋಮ್ ಸಿಯಲ್ಲಿ 3,270 ಮೀಟರ್ ಆಳ ಮುಟ್ಟಿತು. ನಮ್ಮ ದೇಶದವರು ಅಂಟಾರ್ಕ್ಟಿಕಾದ ಮೈತ್ರಿ ನೆಲೆಯ ಕಡೆಯಿಂದ ತಂದ ಕಂಬಗಳು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ಮೈನಸ್ 20 ಡಿಗ್ರಿಯ ಕೋಣೆಗಳಲ್ಲಿವೆ.

ಹಿಮದಲ್ಲಿ ಓದಲು ಎರಡು ಸಂಗತಿಗಳಿವೆ. ಒಂದು, ಹಿಮದ ನೀರೇ. ನೀರಿನ ಆಮ್ಲಜನಕದಲ್ಲಿ ಹಗುರದ್ದೂ ಉಂಟು, ತೂಕದ್ದೂ ಉಂಟು. ಮೋಡ ತಣ್ಣಗಾದಂತೆ ತೂಕದ್ದು ಮೊದಲು ಉದುರಿಬಿಡುತ್ತದೆ. ಹಾಗಾಗಿ ಧ್ರುವಕ್ಕೆ ಬಿದ್ದ ಹಿಮದಲ್ಲಿ ತೂಕದ ಆಮ್ಲಜನಕ ಎಷ್ಟು ಕಡಿಮೆಯೋ ಆ ಕಾಲ ಅಷ್ಟು ಚಳಿ. ಡೆನ್ಮಾರ್ಕಿನ ವಿಲಿ ಡಾನ್ಸ್‌ಗಾರ್ಡ್ 1952ರ ಜೂನ್‌ನಲ್ಲಿ ಕೋಪನ್‌ಹೇಗನ್‌ನ ತನ್ನ ಮನೆಯಂಗಳದಲ್ಲಿ ಖಾಲಿ ಬಿಯರ್ ಬಾಟಲಿಗೆ ಲಾಳಿಕೆ ಸಿಕ್ಕಿಸಿ, ಮಳೆನೀರು ಹಿಡಿದು ಅಳೆದ. ಈ ವಿದ್ಯೆ ಶುರುವಾದದ್ದು ಆ ಬಾಟಲಿಯಿಂದ. ಎರಡನೆಯದು ಗಾಳಿ. ಮೇಲಿನ ಭಾರಕ್ಕೆ ಹಿಮ ಒತ್ತಿಕೊಂಡು, ಅರವತ್ತರಿಂದ ನೂರು ಮೀಟರ್ ಆಳದಲ್ಲಿ ಗಟ್ಟಿಯಾಗುವಾಗ, ನಡುವಿನ ಗಾಳಿ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಪ್ರಯೋಗಾಲಯದಲ್ಲಿ ಹಿಮದ ತುಂಡನ್ನು ನಿರ್ವಾತದಲ್ಲಿಟ್ಟು ಪುಡಿಮಾಡಿದರೆ ಆ ಗಾಳಿ ಹೊರಬರುತ್ತದೆ. ಇದು ಅಂದಾಜಲ್ಲ, ಅಂದಿನ ಗಾಳಿಯೇ! 8 ಲಕ್ಷ ವರ್ಷಗಳಲ್ಲಿ ಹತ್ತು ಲಕ್ಷ ಭಾಗ ಗಾಳಿಗೆ ಕಾರ್ಬನ್ ಡೈಆಕ್ಸೈಡ್ 180ರಿಂದ 300 ಭಾಗದ ನಡುವೆಯೇ ಏರಿಳಿದಿತ್ತು. ಇಂದು 420 ದಾಟಿದೆ.

ನಿಮ್ಮ ಮಳೆಗೂ ಈ ಗುಳ್ಳೆಗಳಿಗೂ ಇರುವ ಕೊಂಡಿ ಮೀಥೇನ್. ಕಾರ್ಖಾನೆಗಳಿಲ್ಲದ ಕಾಲದಲ್ಲಿ ಅದು ಹೆಚ್ಚಾಗಿ ಹುಟ್ಟುತ್ತಿದ್ದುದು ಜೌಗು ನೆಲದಲ್ಲಿ, ಅದರಲ್ಲೂ ಉಷ್ಣವಲಯದ ಜೌಗಿನಲ್ಲಿ. ಮುಂಗಾರು ಜೋರಾದರೆ ಜೌಗು ಹಬ್ಬುತ್ತದೆ, ಮೀಥೇನ್ ಏರುತ್ತದೆ. ಕಳೆದ ಹಿಮಯುಗದಲ್ಲಿ ಗ್ರೀನ್‌ಲ್ಯಾಂಡ್ ತಟ್ಟನೆ ಬೆಚ್ಚಗಾದಾಗಲೆಲ್ಲ ಅಲ್ಲಿನ ಗುಳ್ಳೆಗಳಲ್ಲಿ ಮೀಥೇನ್ ಜಿಗಿದಿದೆ. ಅದೇ ಹೊತ್ತಿಗೆ ಮುಂಗಾರು ಬಲವಾಗಿತ್ತೆಂದು ಅರಬ್ಬಿ ಸಮುದ್ರದ ತಳದ ಕೆಸರೂ ಹೇಳುತ್ತದೆ. ಆದರೆ ಇದು ಒಟ್ಟು ಲೆಕ್ಕ. ಕೃಷ್ಣಾ-ಭೀಮಾ ನಡುವಿನ ಎರಿ ಹೊಲಕ್ಕೆ ಯಾವ ವರ್ಷ ಮಳೆ ಕೈಕೊಟ್ಟಿತು ಎಂದು ಧ್ರುವವನ್ನು ಕೇಳಿ ಫಲವಿಲ್ಲ.

ಅದಕ್ಕೆ ಹತ್ತಿರದ ಹಿಮ ಬೇಕು. ಅಮೆರಿಕದ ಲಾನಿ ಥಾಂಪ್ಸನ್ ತಂಡ ಟಿಬೆಟಿನ ದಾಸುವೋಪು ಹಿಮನದಿಯಲ್ಲಿ, 7,200 ಮೀಟರ್ ಎತ್ತರದಲ್ಲಿ ತೆಗೆದ ಕಂಬದ ವರದಿ 2000ದಲ್ಲಿ ಪ್ರಕಟವಾಯಿತು. ಅದರಲ್ಲಿ 1790–96ರ ಪದರಗಳಲ್ಲೂ 1876–77ರ ಪದರದಲ್ಲೂ ದೂಳು ಮತ್ತು ಕ್ಲೋರೈಡ್ ಎದ್ದು ಕಾಣುತ್ತವೆ; ಮುಂಗಾರು ಸೋತ ವರ್ಷಗಳ ಗುರುತು ಅದು. ಮೊದಲನೆಯದರ ನಡುವೆ ಬರುವುದು ಉತ್ತರ ಕರ್ನಾಟಕ ಡೋಗಿ ಬರವೆಂದು ಕರೆದ 1791–92ರ ಬರ. ಸತ್ತವರನ್ನು ಮಣ್ಣು ಮಾಡಲೂ ಜನ ಉಳಿಯದೆ ಎಲ್ಲೆಂದರಲ್ಲಿ ತಲೆಬುರುಡೆ ಬಿದ್ದಿದ್ದ ಕಾಲ. ಎರಡನೆಯದು ಧಾತು-ಈಶ್ವರ ಸಂವತ್ಸರಗಳ ಬರ. ನಮ್ಮ ಹಿರಿಯರ ಹಸಿವಿನ ವರ್ಷಗಳು ಹಿಮಾಲಯದಾಚೆಯ ಹಿಮದಲ್ಲಿ ದೂಳಾಗಿ ಕೂತಿವೆ ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ನಿಮ್ಮ ಜಿಲ್ಲೆಯ ಹುಣಸಗಿಗೇ ಬರಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ದುಡಿದು ಆದಿಮಾನವರ ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಗಟ್ಟಿ ಗುಂಡುಕಲ್ಲಿನಿಂದ ಅಂಚು ಹೊಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಚಕ್ಕೆಗಳು ಬಿದ್ದಲ್ಲೇ ಬಿದ್ದಿದ್ದವು. ಜೊತೆಗಿದ್ದ ಪ್ರಾಣಿಯ ಹಲ್ಲಿನ ವಯಸ್ಸು ಸುಮಾರು 12 ಲಕ್ಷ ವರ್ಷ. ಪದ್ದಯ್ಯನವರ ಊಹೆಯಂತೆ ಆ ಜನ ಮಳೆಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಣಿವೆ ತುಂಬ ಚದುರಿ, ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಸೇರುತ್ತಿದ್ದರು. ಆ ಒರತೆಗಳು ಬಿಟ್ಟುಹೋದ ಸುಣ್ಣದ ಗರಣೆ ಹಳ್ಳಗಳ ಬದಿಯಲ್ಲಿದೆ.

2025ರ ಜನವರಿಯಲ್ಲಿ ಎಪಿಕಾದ ಮುಂದಿನ ತಂಡ ಡೋಮ್ ಸಿ ಸಮೀಪ 2,800 ಮೀಟರ್ ಕೊರೆದು ತೆಗೆದ ಹಿಮಕ್ಕೂ 12 ಲಕ್ಷ ವರ್ಷ. ಅಂದರೆ ಇಸಾಂಪುರದವರು ಕಲ್ಲು ಒಡೆಯುತ್ತಿದ್ದ ಕಾಲದ ಗಾಳಿ ಈಗ ಯುರೋಪಿನ ಪ್ರಯೋಗಾಲಯಗಳ ಕೈಯಲ್ಲಿದೆ. ಸುಮಾರು 41 ಸಾವಿರ ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮಯುಗಗಳು ಮುಂದೆ ಲಕ್ಷ ವರ್ಷಕ್ಕೊಮ್ಮೆ ಏಕಾದವು ಎಂಬುದು ಅವರು ಬಿಡಿಸಲು ಹೊರಟ ಒಗಟು.

ನೀವು ಹುಣಸಗಿ ಕಡೆ ಹೋದಾಗ ಹೊಲದ ಬದುವಿನಲ್ಲಿ ಕಲ್ಲಿನ ಕೊಡಲಿ ಕಂಡರೆ ಫೋಟೊ ತೆಗೆದುಕೊಳ್ಳಿ, ಕಲ್ಲನ್ನು ಮಾತ್ರ ಅಲ್ಲೇ ಬಿಡಿ. ಇಸಾಂಪುರದ ವಯಸ್ಸು ತಿಳಿದದ್ದು ಹಲ್ಲೂ ಕಲ್ಲೂ ಒಂದೇ ಪದರದಲ್ಲಿ ಅಲುಗದೆ ಇದ್ದುದರಿಂದ.